ಬಂದರದ ಐಸ್ ಫ್ಯಾಕ್ಟರಿ ಮೇಲೆ ಒಂದು ಕತೆ ಬರೆದಿದ್ದೇನೆ, ಕೊನೆ ಸರಿ ಬರ್ತಾ ಇಲ್ಲ

ಬೈತಖೋಲದವ:
ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ ಒಂದೇ ಕತೆಯನ್ನು ತಿದ್ದುತ್ತಾ ಕೂತಿದ್ದೇನೆ. ಇನ್ನು ನನ್ನೊಬ್ಬನಿಂದ ಆಗುವುದಿಲ್ಲ ಅನ್ನಿಸಿ ಇಲ್ಲಿ ಹಾಕ್ತಿದ್ದೇನೆ.

ಕಾರವಾರ ಅಂದರೆ ಹೊರಗಿನವರಿಗೆ ಕಡಲತೀರ, ಮೀನೂಟ, ಕಾಳಿ ನದಿ ಸಮುದ್ರ ಸೇರುವ ಜಾಗದಲ್ಲಿ ತೆಗೆದ ಫೋಟೋ. ನಮ್ಮ ಜಿಲ್ಲೆಯವರು ಮುಂಬೈಗೆ ಹೋಗಿ ಅಲ್ಲಿನ ಚಾಳು, ಗಿರಣಿ, ಲೋಕಲ್ ಟ್ರೇನುಗಳ ಬಗ್ಗೆ ಒಳ್ಳೊಳ್ಳೆ ಕತೆ ಬರೆದರು. ಓದಿ ಬೆಳೆದವನು ನಾನು, ತಕರಾರಿಲ್ಲ. ಆದರೆ ಬೈತಖೋಲ ಬಂದರದಲ್ಲಿ ರಾತ್ರಿ ಎರಡು ಗಂಟೆಗೆ ಐಸ್ ಗಡ್ಡೆ ಎಳೆಯುವವನು, ಶಿರವಾಡದ ಶೆಡ್ಡುಗಳಲ್ಲಿ ದುಡಿಯುವವನು, ಕೈಗಾದ ಅಣು ವಿದ್ಯುತ್ ಸ್ಥಾವರದ ಕಡೆಗೆ ಹೋಗುವ ಬಸ್ಸಿಗಾಗಿ ನಸುಕಿನಲ್ಲಿ ಟಿಫಿನ್ ಡಬ್ಬಿ ಹಿಡಿದು ನಿಲ್ಲುವ ಕಂತ್ರಾಟು ಕೆಲಸದವನು, ಇವರೆಲ್ಲ ನಮ್ಮ ಕತೆಗಳಲ್ಲಿ ಎಲ್ಲಿದ್ದಾರೆ? ಹುಡುಕಿದರೆ ಸಿಗುವುದು ಬಹಳ ಕಡಿಮೆ.

ನನ್ನಪ್ಪ ಇಂಥದ್ದೇ ಒಂದು ಐಸ್ ಫ್ಯಾಕ್ಟರಿಯಲ್ಲಿ ಹತ್ತೊಂಬತ್ತು ವರ್ಷ ದುಡಿದರು. ಪಿಯುಸಿ ಫೇಲಾದ ಮೇಲೆ ನಾನೂ ಮೂರು ಸೀಸನ್ ಅಲ್ಲೇ ಇದ್ದೆ. ಯಾವ ಫ್ಯಾಕ್ಟರಿ ಎಂದು ಹೇಳುವುದಿಲ್ಲ, ದಯವಿಟ್ಟು ಯಾರೂ ಊಹೆ ಮಾಡಿ ಬರೆಯಬೇಡಿ. ಕತೆ ಕೆಳಗಿದೆ.

ಮುಂಗಡ

ಜುಲೈ ಮೂವತ್ತೊಂದರ ರಾತ್ರಿ ಹನ್ನೊಂದಾಗುತ್ತಲೇ ಬಂದರದ ಬೋಟುಗಳ ದೀಪ ಒಂದೊಂದಾಗಿ ಹತ್ತಿಕೊಂಡವು. ಅರವತ್ತೊಂದು ದಿನ ತಾಡಪಾಲು ಹೊದ್ದು ಮಲಗಿದ್ದ ಬೋಟುಗಳು. ನಾಳೆ ಬೆಳಗಾದರೆ ಸಮುದ್ರಕ್ಕೆ ಹೋಗಬಹುದು. ಹೋಗುವ ಮುಂಚೆ ಒಂದೊಂದಕ್ಕೂ ಐಸ್ ಬೇಕು, ಎಲ್ಲರಿಗೂ ಇವತ್ತೇ ಬೇಕು, ಎಲ್ಲರಿಗೂ ಮೊದಲು ಬೇಕು.

ಕೊಕ್ಕೆ ಮಾವ ತೊಟ್ಟಿಯ ಹಲಗೆ ಮೇಲೆ ನಿಂತಿದ್ದ. ಕಾಲ ಕೆಳಗೆ ಉಪ್ಪುನೀರು, ಅದರಲ್ಲಿ ಸಾಲಾಗಿ ಮುಳುಗಿದ ಕ್ಯಾನುಗಳು, ಕ್ಯಾನಿನೊಳಗೆ ನಿನ್ನೆ ತುಂಬಿದ ಸಿಹಿನೀರು ಗಡ್ಡೆ ಕಟ್ಟಿತ್ತು. ಕ್ರೇನು ಒಂದು ಸಾಲು ಎತ್ತಿತು. ಪಕ್ಕದ ಬರಿನೀರಿನ ತೊಟ್ಟಿಯಲ್ಲಿ ಒಮ್ಮೆ ಅದ್ದಿತು. ಕ್ಯಾನು ವಾಲಿದ ಕೂಡಲೇ ಗಡ್ಡೆಗಳು ಬಿಟ್ಟುಕೊಂಡು ಸಿಮೆಂಟು ನೆಲದ ಮೇಲೆ ಸರ್ರನೆ ಜಾರಿ ಬಂದವು. ಒಂದೊಂದೂ ಐವತ್ತು ಕಿಲೋ. ಅಂಚೆಲ್ಲ ಗಾಜು, ನಡುವಿಗೆ ಮಾತ್ರ ಹಾಲಿನಂಥ ಬಿಳಿ.

"ಎಳೀಬೇಡ ತಮಾ," ಅಂದ ಮಾವ, ಹೊಸದಾಗಿ ಸೇರಿದ ಹುಡುಗನಿಗೆ. "ಎಳೆದ್ರೆ ಸೊಂಟ ಹೋಗ್ತದೆ. ಅದು ತಾನೇ ಹೋಗೂಕೆ ನೋಡ್ತದೆ. ಕೊಕ್ಕೆ ತಾಗ್ಸಿ ದಾರಿ ತೋರ್ಸು, ಸಾಕು."

ಹುಡುಗ ತೋರಿಸಿದ. ಗಡ್ಡೆ ದಾರಿ ಬಿಟ್ಟು ಗೋಡೆಗೆ ಹೋಗಿ ಬಡಿಯಿತು. ಯಾರೂ ನಗಲಿಲ್ಲ, ನಗುವಷ್ಟು ಪುರುಸೊತ್ತಿರಲಿಲ್ಲ. ಹೊರಗೆ ಕ್ರಷರು ಗಡ್ಡೆ ಜಗಿದು ಉಗುಳುವ ಶಬ್ದದಲ್ಲಿ ಮಾತು ಕೇಳುವುದೂ ಕಷ್ಟ.

ಹನ್ನೆರಡಕ್ಕೆ ಗುಮಾಸ್ತ ಬಂದ. ಕಂಕುಳಲ್ಲಿ ಉದ್ದ ಪುಸ್ತಕ. ಬೋಟು ನಿಂತ ಎರಡು ತಿಂಗಳು ಐಸ್ ಯಾರಿಗೂ ಬೇಡ, ಪ್ಲಾಂಟು ಬಂದ್, ಕೂಲಿಯೂ ಬಂದ್. ಆಗ ಧಣಿ ಮುಂಗಡ ಕೊಡುತ್ತಾನೆ. ಕೊಟ್ಟದ್ದು ಸೀಸನ್ನಿನಲ್ಲಿ ವಾರವಾರ ಮುರಿದುಕೊಳ್ಳುತ್ತಾನೆ. ಜೂನಿನ ಗಾಳಿಗೆ ಮಾವನ ಮನೆ ಮಾಡಿನ ಶೀಟು ಹಾರಿತ್ತು. ಮಗಳ ಐಟಿಐ ಫೀಸೂ ಬಂದಿತ್ತು. ಎಲ್ಲ ಸೇರಿ ಈ ಸಲದ್ದು ಹದಿನೆಂಟು ಸಾವಿರ, ಹೋದ ವರ್ಷದ ಬಾಕಿ ಆರು.

"ಇದು ತೀರೂದು ಯಾವಾಗ?" ಮಾವ ಕೇಳಿದ.

"ನೀನು ಇಲ್ಲೇ ಇದ್ರೆ ತೀರ್ತದೆ," ಅಂದ ಗುಮಾಸ್ತ.

ಎರಡು ಗಂಟೆಯ ಹೊತ್ತಿಗೆ ವಾಸನೆ ಬಂತು. ಕಣ್ಣಿಗೆ ಸೂಜಿ ಚುಚ್ಚಿದ ಹಾಗೆ. ಎಲ್ಲರೂ ಕೊಕ್ಕೆ ಬಿಸಾಕಿ ಹೊರಗೆ ಓಡಿದರು. ಕಂಪ್ರೆಸರ್ ಕೋಣೆಯಿಂದ ಬಿಳಿ ಹೊಗೆ ಬರುತ್ತಿತ್ತು. ಮಾವ ಟುವಾಲು ಒದ್ದೆ ಮಾಡಿ ಮೂಗಿಗೆ ಕಟ್ಟಿಕೊಂಡ. "ವಾಲ್ವು ಬಂದ್ ಮಾಡ್ಬೇಕು" ಎಂದು ಒಳಗೆ ನುಗ್ಗಿದ. ಹುಡುಗ ಅಂಗಿ ಹಿಡಿದು ಎಳೆದ. ಅಂಗಿ ಹರಿದು ಕೈಯಲ್ಲಿ ಉಳಿಯಿತು, ಮಾವ ಉಳಿಯಲಿಲ್ಲ.

ಬೆಳಿಗ್ಗೆ ಗುಮಾಸ್ತ ಪುಸ್ತಕ ತೆಗೆದ. ಕೊಕ್ಕೆ ಮಾವನ ಮುಂದೆ ಇಪ್ಪತ್ನಾಲ್ಕು ಸಾವಿರ ಹಾಗೇ ಇತ್ತು.

ಇಷ್ಟೇ ಕತೆ. ಕೊನೆಯ ಎರಡು ಪ್ಯಾರಾ ಓದಿದಾಗಲೆಲ್ಲ ನನಗೇ ಏನೋ ಸುಳ್ಳು ಅನ್ನಿಸ್ತದೆ. ಎಲ್ಲಿ ಎಂದು ಗೊತ್ತಾಗ್ತಿಲ್ಲ.

ಸದಾಶಿವಗಡ:
ಅಣ್ಣಾ, ನನಗಂತೂ ಕೊನೆ ಚೆನ್ನಾಗಿಯೇ ತಾಗಿತು. ಮುಟ್ಟಬೇಡಿ. "ನೀನು ಇಲ್ಲೇ ಇದ್ರೆ ತೀರ್ತದೆ" ಅನ್ನೋ ಮಾತಿಗೆ ಒಂದು ಕ್ಷಣ ಫೋನ್ ಕೆಳಗಿಟ್ಟೆ.

ಶಿರಸಿ ಓದುಗ:
ತುಂಬ ಇಷ್ಟವಾಯಿತು. ನಾವು ಘಟ್ಟದ ಮೇಲಿನವರು, ಅಡಕೆ ಸುಲಿಯುವುದು ಗೊತ್ತು, ಐಸ್ ಮಾಡುವುದು ಗೊತ್ತಿಲ್ಲ. ಒಂದು ಅನುಮಾನ. ಗಡ್ಡೆಯ ನಡುವೆ ಬಿಳಿ ಯಾಕೆ? ಮತ್ತೆ ಉಪ್ಪುನೀರು ಯಾಕೆ ಗಡ್ಡೆಯಾಗುವುದಿಲ್ಲ?

ಹಳೇ ಆಪರೇಟರ್:
ಶಿರಸಿಯವರಿಗೆ ಮೊದಲು ಉತ್ತರ. ಉಪ್ಪು ಕರಗಿದ ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುವುದಿಲ್ಲ, ಇನ್ನೂ ಬಹಳ ಕೆಳಗೆ ಹೋಗಬೇಕು. ಅದನ್ನು ಮೈನಸ್ ಹತ್ತರ ಆಸುಪಾಸು ಇಟ್ಟರೆ ಅದು ನೀರಾಗಿಯೇ ತಿರುಗುತ್ತಾ ಇರುತ್ತದೆ, ಕ್ಯಾನಿನೊಳಗಿನ ಸಿಹಿನೀರು ಮಾತ್ರ ಕಟ್ಟುತ್ತದೆ. ಕಟ್ಟುವುದು ಹೊರಗಿನಿಂದ ಒಳಕ್ಕೆ. ನೀರಿನಲ್ಲಿದ್ದ ಗಾಳಿ, ಲವಣ ಎಲ್ಲ ನಡುವಿಗೆ ತಳ್ಳಿಕೊಂಡು ಹೋಗಿ ಅಲ್ಲೇ ಸಿಕ್ಕಿಬೀಳುತ್ತವೆ. ಆ ಬಿಳಿ ಅದೇ.

ಇನ್ನು ಬೈತಖೋಲದ ತಮ್ಮನಿಗೆ. ನಾನು ಇಪ್ಪತ್ತೇಳು ವರ್ಷ ಐಸ್ ಪ್ಲಾಂಟು, ಕೋಲ್ಡ್ ಸ್ಟೋರೇಜುಗಳಲ್ಲಿ ಕಂಪ್ರೆಸರ್ ನಡೆಸಿದವನು. ಕುಮಟಾ, ಹೊನ್ನಾವರ, ಕಾರವಾರ ಮೂರೂ ಕಡೆ. ನಿನ್ನ ಕತೆಯ ಮೊದಲ ಅರ್ಧ ಕಣ್ಣಾರೆ ಕಂಡವನು ಬರೆದದ್ದು. ಕ್ಯಾನು ಅದ್ದುವುದು, ಗಡ್ಡೆ ಜಾರುವುದು, ಕೊಕ್ಕೆಯಿಂದ ದಾರಿ ತೋರಿಸುವುದು, ಎಲ್ಲ ಹೌದು. ಎರಡನೇ ಅರ್ಧ ಸಿನಿಮಾ ನೋಡಿ ಬರೆದದ್ದು. ಬೇಜಾರಾಗಬೇಡ, ಕಾರಣ ಹೇಳುತ್ತೇನೆ.

ನಿನ್ನ ಕತೆಯಲ್ಲಿ ಬಂದ ಆ ವಾಸನೆ ಅಮೋನಿಯಾದ್ದು, ಐಸ್ ಪ್ಲಾಂಟಿನ ಪೈಪುಗಳಲ್ಲಿ ತಂಪು ಮಾಡಲು ಓಡುವುದು ಅದೇ. ಅದು ಕಳ್ಳನ ಹಾಗೆ ಬರುವ ಅನಿಲ ಅಲ್ಲ. ಮೈಗೆ ಅಪಾಯ ಮಾಡುವ ಮಟ್ಟಕ್ಕಿಂತ ಎಷ್ಟೋ ಮುಂಚೆ ಮೂಗಿಗೆ ಗೊತ್ತಾಗುತ್ತದೆ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಮುನ್ನೂರು ಪಾಲು ಅದಾದರೆ ಜೀವಕ್ಕೆ ಅಪಾಯ ಎಂದು ಲೆಕ್ಕ. ಅದರ ಹತ್ತರಲ್ಲೊಂದು ಪಾಲಿಗೇ ನೀನು ಕಣ್ಣುಜ್ಜಿಕೊಂಡು ಹೊರಗೆ ಬಂದಿರುತ್ತೀ. ಸಣ್ಣ ಲೀಕು ಎಲ್ಲಿದೆ ಎಂದು ಹುಡುಕಲು ನಾವು ಗಂಧಕದ ಬತ್ತಿ ಹಚ್ಚುತ್ತಿದ್ದೆವು. ಪೈಪಿನ ಜಾಯಿಂಟಿನ ಗುಂಟ ಹಿಡಿದುಕೊಂಡು ಹೋದರೆ ಲೀಕಿದ್ದ ಕಡೆ ದಪ್ಪ ಬಿಳಿ ಹೊಗೆ ಏಳುತ್ತದೆ. ನನ್ನ ಗುರು ಒಬ್ಬರಿದ್ದರು, ಬೀಡಿ ಸೇದುವುದು ಬಿಟ್ಟರೂ ಆ ಬತ್ತಿಯ ಕೆಮ್ಮು ಅವರನ್ನು ಬಿಡಲಿಲ್ಲ.

ಎರಡನೆಯದು. ಗಡ್ಡೆ ಎಳೆಯುವವನು ವಾಲ್ವು ಬಂದ್ ಮಾಡಲು ಹೋಗುವುದಿಲ್ಲ. ಯಾವ ವಾಲ್ವು ಎಂದೇ ಅವನಿಗೆ ಗೊತ್ತಿರುವುದಿಲ್ಲ, ಅವನಿಗೆ ಯಾರೂ ಕಲಿಸಿರುವುದಿಲ್ಲ. ಕೋಣೆಯೊಳಗೆ ಹೋಗುವವನು ಆಪರೇಟರ್. ಮೊದಲು ಹೊರಗಿನಿಂದ ಕರೆಂಟು ತೆಗೆದು ಮೆಷಿನ್ ನಿಲ್ಲಿಸುತ್ತಾನೆ, ಗಾಳಿ ಯಾವ ಕಡೆ ಬೀಸುತ್ತಿದೆ ನೋಡುತ್ತಾನೆ, ಪೈಪು ಹಿಡಿದು ನೀರು ಚಿಮ್ಮಿಸುತ್ತಾನೆ. ಅಮೋನಿಯಾ ನೀರನ್ನು ಕಂಡರೆ ಬಿಡುವುದಿಲ್ಲ, ಕರಗಿಬಿಡುತ್ತದೆ. ಅದೇ ಕಾರಣಕ್ಕೆ ನಿನ್ನ ಒದ್ದೆ ಟುವಾಲು ಒಂದೆರಡು ನಿಮಿಷ ತಡೆಯುತ್ತದೆ, ಆಮೇಲೆ ಅದೇ ಮುಖ ಸುಡುತ್ತದೆ. ಮೈಯಲ್ಲಿ ಎಲ್ಲಿ ಪಸೆ ಇದೆಯೋ ಅಲ್ಲಿಗೇ ಅದು ಹೋಗುವುದು. ಕಣ್ಣು, ಗಂಟಲು, ಕಂಕುಳು. ಒಮ್ಮೆ ಆಯಿಲ್ ಡ್ರೈನ್ ಮಾಡುವಾಗ ನನಗೆ ಹೊಡೆದಿತ್ತು. ಹದಿನೈದು ದಿನ ಅಂಗಿ ಹಾಕಲಿಲ್ಲ.

ಅಮೋನಿಯಾದಿಂದ ಯಾರೂ ಸತ್ತಿಲ್ಲ ಎಂದು ನಾನು ಹೇಳುತ್ತಿಲ್ಲ. ಸತ್ತಿದ್ದಾರೆ. ಆದರೆ ನಿನ್ನ ಕತೆ ಅದರ ಬಗ್ಗೆ ಅಲ್ಲವಲ್ಲ? ಕತೆಯ ಹೆಸರು ಮುಂಗಡ. ಮಾವ ಸತ್ತ ಕೂಡಲೇ ಸಾಲವೂ ಒಂದು ಲೆಕ್ಕದಲ್ಲಿ ಮುಗಿಯಿತು, ಓದುವವನು ಕಣ್ಣೊರೆಸಿಕೊಂಡು ಎದ್ದ.

ಒಂದು ಮಾತು ಕೇಳಲಾ? ನಿನ್ನಪ್ಪ ಹತ್ತೊಂಬತ್ತು ವರ್ಷ ಗಡ್ಡೆ ಎಳೆದರು ಅಂದೆ. ಅವರ ಕೈ ಈಗ ಹೇಗಿದೆ?

ಸದಾಶಿವಗಡ:
ಆಪರೇಟರ್ ಅಣ್ಣನ ತಿಳಿವಳಿಕೆಗೆ ಗೌರವವಿದೆ, ಆದರೂ ಒಪ್ಪುವುದಿಲ್ಲ. ಸಾವಿಲ್ಲದೆ ಬಡವನ ಕಡೆ ಯಾರು ನೋಡುತ್ತಾರೆ? 2024ರ ಆಗಸ್ಟ್ 7ರಂದು ನಮ್ಮ ಹಳೇ ಕಾಳಿ ಸೇತುವೆ ನಡುರಾತ್ರಿ ಮುರಿದು ಬಿತ್ತು. ಲಾರಿಯೊಂದು ನದಿಗೆ ಬಿತ್ತು, ಚಾಲಕ ಜೀವ ಉಳಿಸಿಕೊಂಡ. ಅವತ್ತು ರಾಜ್ಯವೆಲ್ಲ ಕಾರವಾರದ ಕಡೆ ನೋಡಿತು. ಅದೇ ಸೇತುವೆ ಮೇಲೆ ದಿನಾ ಹಗಲೂ ರಾತ್ರಿ ಲಾರಿ ಓಡಿಸಿದವರ ಬಗ್ಗೆ ಅದಕ್ಕೂ ಮುಂಚೆ ಒಂದು ಸಾಲು ಬಂದಿತ್ತಾ?

ಅಂಕೋಲೆ ಮೇಷ್ಟ್ರು:
ಸದಾಶಿವಗಡದವರೇ, ನೀವು ಹೇಳಿದ್ದರಲ್ಲೇ ಉತ್ತರವೂ ಇದೆ. ಬಿದ್ದ ದಿನ ಎಲ್ಲರೂ ನೋಡಿದರು. ಅದಕ್ಕೆ ಪತ್ರಿಕೆ ಇದೆ, ಟಿವಿ ಇದೆ. 1994ರ ಮೇ ತಿಂಗಳಲ್ಲಿ ಕೈಗಾದಲ್ಲಿ ಕಟ್ಟುತ್ತಿದ್ದ ಗುಮ್ಮಟದ ಒಳಭಾಗ ಕುಸಿದದ್ದು ದಾಖಲಾಗಿದೆ. 2024ರ ಜುಲೈ 16ರಂದು ನಮ್ಮ ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೆ ಬಂದದ್ದೂ ದಾಖಲಾಗಿದೆ. ಬೀಳದೆ ಇರುವ ದಿನಗಳನ್ನು ಯಾರು ಬರೆಯಬೇಕು? ಆ ಕೆಲಸ ಕತೆಯದ್ದು. ಕತೆಗಾರನೂ ಗುಡ್ಡ ಬೀಳುವುದನ್ನೇ ಕಾದು ಕೂತರೆ ಉಳಿದ ಮುನ್ನೂರ ಅರವತ್ತನಾಲ್ಕು ದಿನ ಯಾರ ಪಾಲಿಗೆ?

ಈ ತಾಲೂಕಿನಲ್ಲಿ ಹುಟ್ಟಿದ ದಿನಕರ ದೇಸಾಯಿಯವರು ಮುಂಬೈಯಲ್ಲಿ ಹಡಗು ಕಾರ್ಮಿಕರ ಸಂಘದಲ್ಲಿ ದುಡಿದರು, ಇಲ್ಲಿ ರೈತರ ಗೇಣಿ ಹೋರಾಟ ನಡೆಸಿದರು. 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಮಾಡಿ ಶಾಲೆಗಳನ್ನು ತೆರೆದರು. ನಮ್ಮ ನೆಲದಲ್ಲಿ ದುಡಿಯುವವನ ಪರ ನಿಲ್ಲುವ ಅಭ್ಯಾಸ ಹೊಸದಲ್ಲ. ಆದರೆ ಪರ ನಿಲ್ಲುವುದು ಬೇರೆ, ಪಕ್ಕದಲ್ಲಿ ನಿಂತು ನೋಡುವುದು ಬೇರೆ. ಕತೆಗೆ ಎರಡನೆಯದು ಬೇಕು.

ಮುದಗಾ ಹುಡುಗಿ:
ಕತೆ ಓದಿದೆ. ಇದರಲ್ಲಿ ಹೆಂಗಸರು ಎಲ್ಲಿ ಅಣ್ಣಾ? ಮಗಳ ಫೀಸು ಬಂತು, ಅಷ್ಟೇ. ಮಾವನ ಹೆಂಡತಿ ಇಲ್ಲವಾ? ಇದ್ದರೆ ಅವಳು ಆ ರಾತ್ರಿ ಮನೆಯಲ್ಲಿ ದೀಪ ಹಚ್ಚಿ ಕಾಯುತ್ತಾ ಕೂತಿರುವುದಿಲ್ಲ. ಸೀಸನ್ ಶುರುವಾದರೆ ಅವಳೂ ಬಂದರದಲ್ಲೇ ಇರುತ್ತಾಳೆ.

ನಮ್ಮ ಆಯಿ ಶೆಟ್ಲಿ ಸುಲಿಯುವ ಶೆಡ್ಡಿನಲ್ಲಿ ಇದ್ದಳು. ದಿನಗೂಲಿ ಅಲ್ಲ, ಸುಲಿದ ತೂಕಕ್ಕೆ ದುಡ್ಡು. ಐಸ್ ನೀರಲ್ಲಿ ಹಾಕಿದ ಶೆಟ್ಲಿ, ಕಾಲ ಕೆಳಗೆ ಹರಿಯುವ ನೀರು. ಬೆಳಿಗ್ಗೆ ನಾಲ್ಕಕ್ಕೆ ಲೋಡು ಬಂದರೆ ನಾಲ್ಕಕ್ಕೆ ಹೋಗಬೇಕು, ಬರದಿದ್ದರೆ ಹತ್ತರವರೆಗೂ ಅಲ್ಲೇ ಕೂತು ಕಾಯಬೇಕು, ಕಾದದ್ದಕ್ಕೆ ದುಡ್ಡಿಲ್ಲ. ಶೆಟ್ಲಿಯ ತಲೆಯ ಮುಳ್ಳು ಹೆಬ್ಬೆರಳಿನ ಉಗುರಿನ ಬುಡಕ್ಕೇ ಚುಚ್ಚುವುದು. ಆಯಿ ಹಳೇ ಸೀರೆಯ ಚಿಂದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು, ದಾರ ಕಟ್ಟಲು ನನ್ನ ಹತ್ತಿರ ಕೊಡುತ್ತಿದ್ದಳು. ಬಿಗಿಯಾದರೆ ಬೆರಳು ಜುಮುಗುಟ್ಟುತ್ತದೆ, ಸಡಿಲಾದರೆ ಜಾರುತ್ತದೆ. ಎಷ್ಟು ಬಿಗಿ ಬೇಕು ಎಂದು ನಾನು ಎರಡನೇ ಕ್ಲಾಸಿನಲ್ಲೇ ಕಲಿತಿದ್ದೆ.

ನನ್ನ ಶಾಲೆಗೆ ಪಾಲಕರ ಸಭೆಗೆ ಬರುವ ಹಿಂದಿನ ರಾತ್ರಿ ಹುಣಸೆಹಣ್ಣು ಹಾಕಿ ಕೈ ತಿಕ್ಕುತ್ತಿದ್ದಳು. ಹುಣಸೆಹುಳಿ ಗಾಯಕ್ಕೆ ತಾಗಿ ಉರಿಯುತ್ತಿತ್ತು, ಆದರೂ ತಿಕ್ಕುತ್ತಿದ್ದಳು. ಮರುದಿನ ಸಭೆಯಲ್ಲಿ ಎರಡೂ ಕೈ ಸೆರಗಿನೊಳಗೆ. ಟೀಚರು ಸಹಿ ಮಾಡಿ ಅಂದಾಗ ಮಾತ್ರ ಹೊರಗೆ ತೆಗೆದಳು.

ಹೆಂಗಸರನ್ನು ಟಿಫಿನ್ ತರುವುದಕ್ಕೆ ಮಾತ್ರ ಕರೆಯಬೇಡಿ.

ಲೆಕ್ಕ ಬರೆಯುವವ:
ನಾನು ಸಣ್ಣಪುಟ್ಟ ಘಟಕಗಳ ಲೆಕ್ಕಪತ್ರ ನೋಡುವವನು. ಒಂದೇ ಒಂದು ಸಣ್ಣ ವಿಷಯ ಸೇರಿಸುತ್ತೇನೆ, ಬೇಕಾದರೆ ಬಳಸಿಕೊಳ್ಳಿ. ಕಾರ್ಖಾನೆಯಲ್ಲಿ ಹತ್ತು ಜನ ಕೆಲಸಗಾರರಿದ್ದರೆ ಇಎಸ್‌ಐ, ಅಂದರೆ ಕಾರ್ಮಿಕರ ವಿಮೆ, ಬರುತ್ತದೆ, ಇಪ್ಪತ್ತಾದರೆ ಪಿಎಫ್. ಇಎಸ್‌ಐಗೆ ತಿಂಗಳ ಸಂಬಳದ ಮಿತಿ 21,000 ರೂಪಾಯಿ. ಕೆಲಸಗಾರನ ಪಾಲು ನೂರಕ್ಕೆ ಮುಕ್ಕಾಲು ರೂಪಾಯಿ, ಧಣಿಯ ಪಾಲು ಮೂರೂಕಾಲು. ಈಗ ನಿಮ್ಮ ಗುಮಾಸ್ತನ ಕಂಕುಳಲ್ಲಿ ಒಂದು ಪುಸ್ತಕ ಇದೆಯಲ್ಲ, ನಿಜವಾಗಿ ಎರಡಿರಬೇಕು. ಮುಂಗಡದ ಪುಸ್ತಕದಲ್ಲಿ ಇಪ್ಪತ್ತೆರಡು ಹೆಸರು. ಹಾಜರಿ ಪುಸ್ತಕದಲ್ಲಿ ಒಂಬತ್ತು.

ಬೈತಖೋಲದವ:
ಲೆಕ್ಕದವರೇ, ಇದನ್ನು ಓದಿ ನನ್ನ ಮೈ ಜುಮ್ಮೆಂದಿತು. ಅಪ್ಪ ಎಷ್ಟೋ ಸಲ ಹೇಳುತ್ತಿದ್ದರು, "ಸಾಲದ ಪುಸ್ತಕದಾಗೆ ನಾನಿದ್ದೆ, ಹಾಜರಿ ಪುಸ್ತಕದಾಗೆ ಇರ್ಲಿಲ್ಲ" ಅಂತ. ನಾನು ಅದನ್ನು ಸಿಟ್ಟಿನ ಮಾತು ಎಂದುಕೊಂಡಿದ್ದೆ. ಅವರು ಲೆಕ್ಕ ಹೇಳುತ್ತಿದ್ದರು.

ದಾಂಡೇಲಿ ಸಿ ಶಿಫ್ಟ್:
ಘಟ್ಟದ ಮೇಲಿನ ಕಾರ್ಖಾನೆ ಊರಿನವನು ನಾನು. ಕಾಗದದ ಗಿರಣಿ 1955ರಲ್ಲಿ ಸ್ಥಾಪನೆಯಾದ ಮೇಲೆ ನಮ್ಮ ಊರು ಊರಾಯಿತು. ಕೇರಳದವರು, ಆಂಧ್ರದವರು, ಧಾರವಾಡ, ಬೆಳಗಾವಿ ಕಡೆಯವರು ಎಲ್ಲ ಬಂದು ಸೇರಿದ್ದು ಕೆಲಸಕ್ಕಾಗಿಯೇ. ಕತೆಯಲ್ಲಿ ಒಂದು ಸಂಗತಿ ಕಾಣಲಿಲ್ಲ. ನಿದ್ದೆ. ರಾತ್ರಿ ದುಡಿಯುವವನ ಮನೆಯಲ್ಲಿ ಹಗಲು ಹೇಗಿರುತ್ತದೆ ಗೊತ್ತಾ? ಅಪ್ಪನದು ಸಿ ಶಿಫ್ಟ್ ಇದ್ದ ವಾರ ನಾವು ನಾಲ್ಕು ಮಕ್ಕಳು ಪಿಸುಪಿಸು ಮಾತಾಡುತ್ತಿದ್ದೆವು. ಕಿಟಕಿಗೆ ಖಾಕಿ ಕಾಗದ ಅಂಟಿಸಿತ್ತು. ಪಾತ್ರೆ ಬಿದ್ದರೆ ಅಮ್ಮ ಮೊದಲು ಒಳಕೋಣೆಯ ಬಾಗಿಲ ಕಡೆ ನೋಡುತ್ತಿದ್ದಳು, ಆಮೇಲೆ ಪಾತ್ರೆಯ ಕಡೆ. ನನಗೆ ಈಗಲೂ ಜೋರಾಗಿ ಮಾತಾಡಲು ಬರುವುದಿಲ್ಲ. ಆಫೀಸಿನಲ್ಲಿ ಎಲ್ಲರೂ ಸಂಕೋಚ ಸ್ವಭಾವ ಅಂದುಕೊಂಡಿದ್ದಾರೆ.

ಶಿರಸಿ ಓದುಗ:
ದಾಂಡೇಲಿಯವರೇ, ಇದನ್ನು ನೀವೇ ಕತೆ ಮಾಡಬೇಕು.

ಬೈತಖೋಲದವರಿಗೆ ಇನ್ನೊಂದು ಸಲಹೆ. ಶೆಟ್ಲಿ, ತಾಡಪಾಲು ಇಂಥ ಮಾತುಗಳಿಗೆ ಮೈಸೂರು ಕಡೆಯವರಿಗೆ ಅರ್ಥ ಹಾಕುವುದು ಒಳ್ಳೆಯದೇನೋ. ಪತ್ರಿಕೆಯವರು ಕೇಳಿಯೇ ಕೇಳುತ್ತಾರೆ.

ಮುದಗಾ ಹುಡುಗಿ:
ಬೇಡ. ಸಿಗಡಿ ಎಂದು ಬರೆದರೆ ಅದು ಹೋಟೆಲಿನ ಪ್ಲೇಟಿನಲ್ಲಿ ಇರುವ ಸಿಗಡಿ. ನಮ್ಮ ಆಯಿ ಸುಲಿದದ್ದು ಶೆಟ್ಲಿ. ಓದುವವರಿಗೆ ಎರಡನೇ ಸಲ ಬಂದಾಗ ತಾನೇ ತಿಳಿಯುತ್ತದೆ.

ಅಂಕೋಲೆ ಮೇಷ್ಟ್ರು:
ನನ್ನದೂ ಇದೇ ಅಭಿಪ್ರಾಯ. ಹಾಲಕ್ಕಿಗಳ ಕನ್ನಡ, ನಾಮಧಾರಿಗಳ ಕನ್ನಡ, ಬಂದರದ ಕೊಂಕಣಿ ಬೆರೆತ ಕನ್ನಡ, ಇವೆಲ್ಲ ಹತ್ತು ಮೈಲಿಯೊಳಗೆ ಇವೆ. ಕತೆಯ ಬಾಯಿಗೆ ಒಂದೇ ಪುಸ್ತಕದ ಕನ್ನಡ ತುರುಕಿದರೆ ಮೊದಲು ಸಾಯುವುದು ಮಾವನಲ್ಲ, ಮಾತು.

ಹಳೇ ಆಪರೇಟರ್:
ತಮ್ಮಾ, ನನ್ನ ಪ್ರಶ್ನೆಗೆ ನೀನು ಉತ್ತರ ಕೊಡಲಿಲ್ಲ. ಹೇಳಲು ಕಷ್ಟವಿದ್ದರೆ ಬೇಡ.

ಬೈತಖೋಲದವ:
ಎರಡು ದಿನ ಇಲ್ಲಿಗೆ ಬರಲಿಲ್ಲ, ಕ್ಷಮಿಸಿ. ಅಣ್ಣನ ಪ್ರಶ್ನೆ ಓದಿದ ಮೇಲೆ ಊರಿಗೆ ಹೋಗಿ ಬಂದೆ.

ಅಪ್ಪ ಇದ್ದಾರೆ. ಚೆನ್ನಾಗಿಯೇ ಇದ್ದಾರೆ ಎಂದು ನಾವು ಎಲ್ಲರಿಗೂ ಹೇಳುತ್ತೇವೆ. ಊಟ ಮಾಡುತ್ತಾರೆ, ಪೇಪರು ಓದುತ್ತಾರೆ, ಸಂಜೆ ಬಂದರಕ್ಕೆ ಒಂದು ಸುತ್ತು ಹೋಗಿ ಬರುತ್ತಾರೆ. ಆದರೆ ಅವರು ಐದು ವರ್ಷದಿಂದ ಗುಂಡಿಯ ಅಂಗಿ ಹಾಕಿಲ್ಲ. ಬರೀ ಬನಿಯನ್, ಇಲ್ಲವೇ ತಲೆಯಿಂದ ಹಾಕುವ ಟೀ ಶರ್ಟು. ಸೆಕೆಗೆ ಹೀಗೆ ಎಂದುಕೊಂಡಿದ್ದೆವು. ಮೊನ್ನೆ ಮೊದಲ ಸಲ ಅವರ ಕೈಯನ್ನು ನನ್ನ ಕೈಯಲ್ಲಿ ಹಿಡಿದು ನೋಡಿದೆ. ಬಲಗೈಯ ಮೂರು ಬೆರಳ ತುದಿ ಮೇಣ ಬಳಿದ ಹಾಗೆ ನುಣ್ಣಗೆ, ಬಿಳಿಚಿಕೊಂಡಿವೆ. ಉಗುರು ಗೀರಿ ನೋಡಿದೆ. "ಎಂತ ಮಾಡ್ತೆ?" ಅಂದರು. ನನ್ನ ಬೆರಳನ್ನು ಕಣ್ಣಿನಿಂದ ನೋಡಿ ಕೇಳಿದ್ದು ಅದು, ತಾಗಿ ಕೇಳಿದ್ದಲ್ಲ.

ಕೈಗವಸು ಕೊಡುತ್ತಿರಲಿಲ್ಲವಾ ಎಂದು ಕೇಳಿದೆ. ಕೊಟ್ಟಿದ್ದರಂತೆ, ತೆಳು ರಬ್ಬರಿನವು. ಒಳಗೆ ನೀರು ಹೋದರೆ ಬರಿಗೈಗಿಂತ ಕಷ್ಟ. ಅದಕ್ಕೇ ಗೋಣಿತಾಟು ಸುತ್ತಿಕೊಳ್ಳುತ್ತಿದ್ದರಂತೆ. ಹತ್ತೊಂಬತ್ತು ವರ್ಷ ಗೋಣಿತಾಟು.

ನಾನೂ ಮೂರು ಸೀಸನ್ ಅದೇ ಶೆಡ್ಡಿನಲ್ಲಿ ಅವರ ಪಕ್ಕ ನಿಂತಿದ್ದೆ. ನೋಡಿರಲಿಲ್ಲ.

ಅಮೋನಿಯಾ ತೆಗೆದು ಹಾಕಿದ್ದೇನೆ. ಮುದಗಾದ ತಂಗಿ ಹೇಳಿದ ಮೇಲೆ ಮಾಮಿಯನ್ನು ಶೆಡ್ಡಿಗೆ ಕಳಿಸಿದೆ. ಗುಮಾಸ್ತನ ಕಂಕುಳಲ್ಲಿ ಈಗ ಎರಡು ಪುಸ್ತಕ. "ನೀನು ಇಲ್ಲೇ ಇದ್ರೆ ತೀರ್ತದೆ" ಆದ ಮೇಲಿನ ಭಾಗ ಹೀಗೆ ಬರೆದಿದ್ದೇನೆ, ನೋಡಿ.

ಐದು ಗಂಟೆಗೆ ಕ್ರಷರು ನಿಂತಿತು. ಸದ್ದು ನಿಂತ ಮೇಲೂ ಕಿವಿಯೊಳಗೆ ಅದು ಜಗಿಯುತ್ತಲೇ ಇತ್ತು. ಕೊನೆಯ ಬೋಟು ದಕ್ಕೆ ಬಿಟ್ಟು ತಿರುಗಿತು. ಹುಡುಗ ಗೋಡೆಗೆ ಒರಗಿ ಕೂತಲ್ಲೇ ತೂಕಡಿಸಿದ.

ಮಾವ ಗೇಟಿನ ಹೊರಗಿನ ಗೂಡಂಗಡಿಗೆ ಬಂದ. ಮಾಮಿ ಆಗಲೇ ಬಂದು ಬೆಂಚಿನ ತುದಿಯಲ್ಲಿ ಕೂತಿದ್ದಳು. ಅವಳ ಶೆಡ್ಡಿಗೆ ಲೋಡು ಬರುವುದು ಬೋಟು ಮರಳಿದ ಮೇಲೆ, ಇವತ್ತು ಕರೆದದ್ದು ನೆಲ ತೊಳೆಯಲು. ನೆಲ ತೊಳೆದದ್ದಕ್ಕೆ ದುಡ್ಡು ಕೊಡುತ್ತಾರೋ ಇಲ್ಲವೋ ಅವಳು ಕೇಳಿರಲಿಲ್ಲ.

"ಎಷ್ಟು ಬರಕಂಡ?" ಅಂದಳು.

"ಇಪ್ಪತ್ನಾಲ್ಕು."

"ಆ ಇನ್ನೊಂದು ಪುಸ್ತಕದಾಗೆ?"

ಮಾವ ಮಾತಾಡಲಿಲ್ಲ. ಅಂಗಡಿಯವ ಕುದಿಯುವ ಚಾ ಸೋಸಿ ಗ್ಲಾಸಿಗೆ ತುಂಬಿ ಇಟ್ಟ. ಮಾಮಿ ತನ್ನ ಗ್ಲಾಸನ್ನು ಸೆರಗಿನಿಂದ ಅಂಚಿಗೆ ಹಿಡಿದಳು, ಬಿಸಿ ಎಂದು ಮತ್ತೆ ಕೆಳಗಿಟ್ಟಳು. ಮಾವ ತನ್ನದನ್ನು ಬರಿಗೈಯಲ್ಲಿ ಎತ್ತಿಕೊಂಡ. ಅಂಗೈಯಲ್ಲಿ ಪೂರ್ತಿ ಹಿಡಿದು, ಬೆರಳುಗಳನ್ನೆಲ್ಲ ಗ್ಲಾಸಿನ ಸುತ್ತ ಮಡಚಿ, ಸಮುದ್ರದ ಕಡೆ ನೋಡುತ್ತಾ ಕೂತ. ಕುಡಿಯಲಿಲ್ಲ.

ಮಾಮಿ ನೋಡಿದಳು. ಗ್ಲಾಸು ನೋಡಿದಳು, ಅದರಿಂದ ಏಳುವ ಹಬೆ ನೋಡಿದಳು, ಅವನ ಮುಖ ನೋಡಿದಳು.

"ಸುಡೂದಿಲ್ವಾ?"

"ಎಂತದು?"

ಅವಳು ಕೈ ಚಾಚಿ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಕೊಕ್ಕೆ ಹಿಡಿದಂತೆಯೇ ಮಡಚಿಕೊಂಡಿದ್ದವು. ಗ್ಲಾಸು ತೆಗೆದು ಬೆಂಚಿನ ಮೇಲಿಟ್ಟಳು. ಅಂಗೈಯ ನಡುವೆ ಕೆಂಪು, ತೋರುಬೆರಳ ಬುಡದಲ್ಲಿ ಆಗಲೇ ನೀರು ತುಂಬಿದ ಬೊಬ್ಬೆ ಎದ್ದಿತ್ತು. ಮಾವನೂ ಬಗ್ಗಿ ನೋಡಿದ, ಬೇರೆ ಯಾರದೋ ಕೈ ನೋಡುವ ಹಾಗೆ.

ಒಳಗಿಂದ ಗುಮಾಸ್ತ ಕೂಗಿದ. ತೊಟ್ಟಿಗೆ ನೀರು ತುಂಬಬೇಕು, ಬೋಟು ಮರಳಿದರೆ ಮತ್ತೆ ಐಸ್ ಬೇಕು.

"ಬಂದೆ," ಅಂದ ಮಾವ. ಚಾ ತೆಗೆದುಕೊಂಡು ಒಂದೇ ಗುಟುಕಿಗೆ ಕುಡಿದ.

ದಾಂಡೇಲಿ ಸಿ ಶಿಫ್ಟ್:
ಅಂಗಡಿಯ ಬೆಂಚಿನಲ್ಲಿ ನಾನೂ ಕೂತಿದ್ದೆ ಅನ್ನಿಸಿತು.

ಸದಾಶಿವಗಡ:
ನಾನು ಮೊದಲು ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅವತ್ತು ಓದಿ ಮುಗಿಸಿ ಬೇರೆ ಕೆಲಸಕ್ಕೆ ಹೋಗಿದ್ದೆ. ಇವತ್ತು ಹೋಗಲಾಗಲಿಲ್ಲ. ನಮ್ಮ ಮನೆ ಪಕ್ಕದಲ್ಲಿ ಬೋಟಿನ ಕೆಲಸ ಬಿಟ್ಟ ಒಬ್ಬ ಅಜ್ಜ ಇದ್ದಾರೆ, ಕೈ ಕುಲುಕಲು ಹೋದರೆ ಯಾವಾಗಲೂ ಎಡಗೈ ಮುಂದೆ ಮಾಡುತ್ತಾರೆ. ಯಾಕೆ ಎಂದು ಇದುವರೆಗೂ ಕೇಳಿರಲಿಲ್ಲ.

ಹಳೇ ಆಪರೇಟರ್:
ಒಂದು ತಿದ್ದುಪಡಿ ಮಾತ್ರ. ತೊಟ್ಟಿಗೆ ನೀರು ತುಂಬುವುದಲ್ಲ, ಕ್ಯಾನಿಗೆ ತುಂಬುವುದು. ತೊಟ್ಟಿಯಲ್ಲಿ ಉಪ್ಪುನೀರು ಯಾವಾಗಲೂ ಇದ್ದೇ ಇರುತ್ತದೆ. ಅದನ್ನು ಸರಿ ಮಾಡಿ ಕಳಿಸು. ಮತ್ತೆ, ಅಪ್ಪನನ್ನು ಒಮ್ಮೆ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗು. ಇಷ್ಟು ವರ್ಷದ ಮೇಲೆ ಸ್ಪರ್ಶ ಮರಳುತ್ತದೋ ಇಲ್ಲವೋ ನಾನು ಹೇಳಲಾರೆ, ಆದರೆ ತಾಗದೆ ಸುಟ್ಟುಕೊಂಡರೆ ಗಾಯ ಒಳಗೇ ಕೊಳೆಯುತ್ತದೆ. ಸಕ್ಕರೆ ಕಾಯಿಲೆ ಇದ್ದರಂತೂ ಇನ್ನೂ ಕಷ್ಟ, ಅದನ್ನೂ ನೋಡಿಸು. ಅಡುಗೆಮನೆಯಲ್ಲಿ ಒಲೆಯ ಹತ್ತಿರ ಬಿಡಬೇಡಿ.

ಬೈತಖೋಲದವ:
ಕ್ಯಾನು ಎಂದು ತಿದ್ದಿದೆ ಅಣ್ಣಾ. ಸೋಮವಾರ ಆಸ್ಪತ್ರೆಗೆ ಹೋಗುತ್ತೇವೆ.

ಮುದಗಾ ಹುಡುಗಿ:
ನಿನ್ನೆ ರಾತ್ರಿ ಆಯಿಗೆ ಕತೆ ಪೂರ್ತಿ ಓದಿ ಹೇಳಿದೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಕೇಳಿದರೆ ಎಲ್ಲ ತಿಳಿಯುತ್ತದೆ. ನೆಲ ತೊಳೆಯುವಲ್ಲಿ "ಕೊಡೂದಿಲ್ಲ" ಅಂದಳು, ಅಷ್ಟೇ. ಮುಗಿದ ಮೇಲೆ ಸುಮಾರು ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು, "ಆ ಬೊಬ್ಬೆಗೆ ಎಂತ ಹಚ್ಚಿದ್ರು?"

ಬೈತಖೋಲದವ:
ತೆಂಗಿನೆಣ್ಣೆ.